ಒಂದು ದೀರ್ಘ ಕಡಿಮೆ

ಸಂಪಾದಕಿ ಎಂಬ ಬಿರುದನ್ನು ಅವಳಿಗೆ ದಯಪಾಲಿಸಿದವಳು ರೂಮ್‌ಮೇಟ್. ಅದರಲ್ಲಿ ಎಳ್ಳಷ್ಟೂ ಗೌರವ ಇರಲಿಲ್ಲ. ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದ ಹುಡುಗಿ, ಹಾಸ್ಟೆಲಿನ ಮೂರನೇ ಮಹಡಿಯಲ್ಲಿ, ಕಾಲಡಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ ಮೇಜಿನ ಮುಂದೆ ಕೂತು ‘ಬೇಕಿದ್ರೆ ಓದಿ’ ಎಂಬ ವೆಬ್‌ಸೈಟ್ ನಡೆಸುತ್ತಿದ್ದಳು. ಯಾರಿಗೂ ಬೇಕಿರಲಿಲ್ಲ. ಪುಟದ ಕೆಳಗೆ ಓದುಗರ ಸಂಖ್ಯೆ ತೋರಿಸುವ ಪುಟ್ಟ ಡಬ್ಬಿಯಿತ್ತು. ಅದು ದಿನಕ್ಕೆ ಹನ್ನೊಂದು ದಾಟಿದ್ದೇ ಇಲ್ಲ. ಆ ಹನ್ನೊಂದರಲ್ಲಿ ಆರು ಸಲ ತೆರೆದು ನೋಡಿದವಳು ಅವಳೇ. ಎರಡು ರೂಮ್‌ಮೇಟಿನದು, ಬೈಯುವುದಕ್ಕೆ ವಿಷಯ ಬೇಕಲ್ಲ ಅಂತ. ಒಂದು ಅಮ್ಮನದು. ಬರಹ ಯಾವುದೇ ಇರಲಿ, ಅದರ ಕೆಳಗೆ ಅಮ್ಮನ ಅಭಿಪ್ರಾಯ ಒಂದೇ: ‘ಊಟ ಮಾಡಿದ್ಯಾ?’

ಬರೆಯುತ್ತಿದ್ದುದಾದರೂ ಏನು? ಹಾಸ್ಟೆಲಿನ ಬಾತ್‌ರೂಮಿನಲ್ಲಿ ಬಿಸಿನೀರು ಬರುವ ಸಮಯದ ಬಗ್ಗೆ ಒಂದು ತನಿಖಾ ವರದಿ. ಗ್ರಂಥಾಲಯದಲ್ಲಿ ಗೊರಕೆ ಹೊಡೆಯುವವರನ್ನು ಸದ್ದಿನ ಪ್ರಕಾರ ವಿಂಗಡಿಸಿದ ಪಟ್ಟಿ. ಕ್ಯಾಂಟೀನಿನ ಚಹಾವನ್ನು ಚಹಾ ಎಂದು ಕರೆಯಲು ಇರುವ ತೊಡಕುಗಳು. ಇವೆಲ್ಲಕ್ಕಿಂತ ಹೆಚ್ಚು ಹೆಸರು ಮಾಡಿದ್ದು, ಅಂದರೆ ತಿಂಗಳೆಲ್ಲ ಸೇರಿ ಹದಿನಾಲ್ಕು ಮಂದಿ ಮೆಚ್ಚಿದ್ದು, ‘ಕಂಬಕ್ಕೆ ನಮಸ್ಕಾರ ಹೇಳಿದ ಮೇಷ್ಟ್ರು’ ಎಂಬ ಬರಹ.

ಆ ಮೇಷ್ಟ್ರೇ ಅವಳ ಗೈಡ್. ಮೂವತ್ತು ವರ್ಷದಿಂದ ಅದೇ ಪಾಠ, ಅದೇ ಕೋಟು. ಅವರು ಬೋರ್ಡಿನ ಮೇಲೆ ಬರೆಯಲು ಶುರು ಮಾಡಿದ ಸಾಲು ಬೆಟ್ಟ ಇಳಿದಂತೆ ಇಳಿಯುತ್ತಾ ಹೋಗಿ ಕೊನೆಗೆ ಹಿಂದಿನ ಸಾಲಿನ ಮೇಲೇ ಕೂರುತ್ತಿತ್ತು. ಅದರ ಬಗ್ಗೆಯೂ ಒಂದು ಬರಹ ಆಗಿತ್ತು. ಅವಳು ತನ್ನ ಪ್ರಬಂಧವನ್ನು ಅವರ ಮೇಜಿನ ಮೇಲಿಟ್ಟು ನಾಲ್ಕು ತಿಂಗಳಾಗಿತ್ತು. ವಿಶ್ವವಿದ್ಯಾಲಯದ ಮೂರು ಕೌಂಟರುಗಳ ಮುಂದೆ ನಲವತ್ತು ದಿನ ನಿಂತು, ಸರತಿ ಸಾಲಿನಲ್ಲಿ ಯಾರು ಎಷ್ಟು ಹೊತ್ತು ಕಾಯುತ್ತಾರೆಂದು ಎಣಿಸಿ ಬರೆದ ನೂರ ಹದಿನೆಂಟು ಪುಟ ಅದು. ಕೇಳಿದಾಗಲೆಲ್ಲ ಮೇಷ್ಟ್ರು “ನೋಡ್ತಿದೀನಿ ಕಣಮ್ಮ” ಎನ್ನುತ್ತಿದ್ದರು. ಪ್ರಬಂಧ ಮೇಜಿನ ಎಡಮೂಲೆಯಿಂದ ಬಲಮೂಲೆಗೆ ಹೋದದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ.

ಶುಕ್ರವಾರ ಸಂಜೆ ನಾಲ್ಕಕ್ಕೆ ಸಲ್ಲಿಕೆಯ ಕೌಂಟರ್ ಮುಚ್ಚುತ್ತದೆ. ಗೈಡಿನ ಸಹಿ ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ತಪ್ಪಿದರೆ ಇನ್ನು ಆರು ತಿಂಗಳು. ಅಂಕಿಅಂಶ ಕಚೇರಿಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು, ಮುಂದಿನ ತಿಂಗಳು ಪದವಿ ಕೈಯಲ್ಲಿ ಹಿಡಿದು ಹೋಗದಿದ್ದರೆ ಪಟ್ಟಿಯಲ್ಲಿ ಅವಳ ಕೆಳಗಿರುವವರಿಗೆ ಕೊಡುತ್ತೇವೆಂದು ಅವರು ಮುಲಾಜಿಲ್ಲದೆ ತಿಳಿಸಿದ್ದರು. ಮಂಗಳವಾರ ಮಧ್ಯಾಹ್ನ ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ, ಮಷಿನ್ ಗಡಗಡ ತಿರುಗುತ್ತಿದ್ದಾಗ, ಹೊಟ್ಟೆಯುರಿ ತಡೆಯಲಾರದೆ ಅವಳು ಮೊಬೈಲಿನಲ್ಲೇ ಒಂದು ಬರಹ ಕುಟ್ಟಿದಳು. ತಲೆಬರಹ: ಮೇಷ್ಟ್ರ ನಿಧಾನ.

ಹಾಗೆಂದು ಅವಳು ಅಂದುಕೊಂಡಿದ್ದಳು. ಒದ್ದೆ ಬೆರಳು, ಸಿಟ್ಟಿನ ವೇಗ, ಒಂದು ದೀರ್ಘ ಬಿಟ್ಟುಹೋಯಿತು. ಪ್ರಕಟವಾದದ್ದು ‘ಮೇಷ್ಟ್ರ ನಿಧನ’. ಒಮ್ಮೆ ಆ ಪದ ಕಲಿತ ಮೊಬೈಲು ಒಳಗೂ ಅದನ್ನೇ ಮುಂದೆ ಚಾಚಿತು, ಇವಳೂ ನೋಡದೆ ಒತ್ತಿದಳು. ‘ವಿಭಾಗದಲ್ಲಿ ಎಲ್ಲರೂ ನಿರೀಕ್ಷಿಸಿದ್ದೇ. ಮೇಷ್ಟ್ರ ನಿಧನದಿಂದಾಗಿ ನನ್ನ ಪ್ರಬಂಧ ನಾಲ್ಕು ತಿಂಗಳಿಂದ ಅಲ್ಲೇ ಬಿದ್ದಿದೆ. ಇನ್ನು ದೇವರೇ ಗತಿ.’ ಬಟ್ಟೆ ಹಿಂಡಿ ಒಣಹಾಕಿ, ಹೇಳಬೇಕಾದ್ದನ್ನು ಹೇಳಿದೆನೆಂದು ತನ್ನ ಬೆನ್ನು ತಾನೇ ತಟ್ಟಿಕೊಂಡು ಅವಳು ನಿಶ್ಚಿಂತೆಯಿಂದಿದ್ದಳು.

ಬುಧವಾರ ಬೆಳಿಗ್ಗೆ ರೂಮ್‌ಮೇಟ್ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಓಡಿಬಂದಳು. “ಲೇ ಸಂಪಾದಕಿ, ನಿಮ್ ಮೇಷ್ಟ್ರು ಹೋಗ್ಬಿಟ್ರಂತೆ!”

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ! ನೀನೇ ಬರ್ದಿದ್ದೀಯಲ್ಲೇ!”

ಸಂಪಾದಕಿ ಮೊಬೈಲ್ ತೆರೆದಳು. ಡಬ್ಬಿಯಲ್ಲಿ ಸಾವಿರದ ನಾನೂರು. ಜೀವಮಾನದಲ್ಲಿ ಮೊದಲ ಸಲ ಸಿಕ್ಕ ಓದುಗರನ್ನು ಕಂಡು ಸಂತೋಷ ಉಕ್ಕಿತು, ಅದು ಎರಡು ಸೆಕೆಂಡು ಇತ್ತು. ಆಮೇಲೆ ತಲೆಬರಹ ಕಣ್ಣಿಗೆ ಬಿತ್ತು. ಯಾವ ಪುಣ್ಯಾತ್ಮನೂ ತಲೆಬರಹದಿಂದ ಕೆಳಗೆ ಇಳಿದಿರಲಿಲ್ಲ. ಯಾರೋ ಅದರ ಚಿತ್ರ ತೆಗೆದು ಹಳೆಯ ವಿದ್ಯಾರ್ಥಿಗಳ ಗುಂಪಿಗೆ ಹಾಕಿದ್ದರು. ಕೆಳಗೆ ಸಾಲುಸಾಲಾಗಿ ‘ತುಂಬಲಾರದ ನಷ್ಟ’. ಅವುಗಳ ನಡುವೆ ಅಮ್ಮನದೂ ಒಂದು: ‘ಅಯ್ಯೋ ಪಾಪ. ನೀನು ಊಟ ಮಾಡಿದ್ಯಾ?’

ಅವಳು ದೀರ್ಘ ಸೇರಿಸಿ, ತಲೆಗೂದಲನ್ನೂ ಬಾಚದೆ ವಿಭಾಗಕ್ಕೆ ಓಡಿದಳು. ತಡವಾಗಿತ್ತು. ಮೆಟ್ಟಿಲ ಬಳಿಯ ನೋಟಿಸ್ ಬೋರ್ಡಿನಲ್ಲಿ ಕಪ್ಪು ಅಂಚಿನ ಕಾಗದ ಅಂಟಿತ್ತು. ಮೇಷ್ಟ್ರ ಕೋಣೆಯ ಬಾಗಿಲು ತೆರೆದಿತ್ತು. ಪಕ್ಕದ ಕೋಣೆಯ ಪ್ರಾಧ್ಯಾಪಕರು ಟೇಪು ಹಿಡಿದು ಕಿಟಕಿಯ ಅಳತೆ ತೆಗೆಯುತ್ತಿದ್ದರು. ಅವರ ಕೋಣೆಯ ಕಿಟಕಿಗೆ ನೀರಿನ ಟ್ಯಾಂಕ್ ಒಂದು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ, ದುಃಖದಲ್ಲೂ ಮನುಷ್ಯನಿಗೆ ಗಾಳಿ ಬೆಳಕು ಬೇಕಲ್ಲ.

ದೊಡ್ಡ ಹಾಲಿನಲ್ಲಿ ಎರಡು ನಿಮಿಷದ ಮೌನ ಆಗಲೇ ಶುರುವಾಗಿತ್ತು. ಎಲ್ಲರೂ ಕಣ್ಣುಮುಚ್ಚಿ ತಲೆ ತಗ್ಗಿಸಿ ನಿಂತಿದ್ದರು. ಅವಳು ಬಾಗಿಲಲ್ಲಿ ನಿಂತು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಬಾಗಿಲಿನಿಂದ ಮೇಷ್ಟ್ರು ಒಳಗೆ ಬಂದರು. ಅದೇ ಕೋಟು. ಜನ ನಿಂತಿದ್ದಾರೆಂದು ಅರಿವಾಗಿ, ಮರ್ಯಾದಸ್ಥರು ಪಾಪ, ಕೊನೆಯ ಸಾಲಿನಲ್ಲಿ ಅಟೆಂಡರ್ ಪಕ್ಕ ನಿಂತು ತಾವೂ ತಲೆ ತಗ್ಗಿಸಿದರು. ಒಂದು ನಿಮಿಷ ತಮಗಾಗಿ ತಾವೇ ಮೌನ ಆಚರಿಸಿದ ಮೇಲೆ ಮೆಲ್ಲಗೆ ಕೇಳಿದರು:

“ಯಾರಪ್ಪ ಹೋಗಿದ್ದು?”

ಅಟೆಂಡರ್ ಕಣ್ಣು ತೆರೆದ. ಮೂವತ್ತು ವರ್ಷ ಯಾವ ಫೈಲಿಗೂ ಓಡದಿದ್ದ ಮನುಷ್ಯ ಅಂದು ಕುರ್ಚಿಗಳ ಮೇಲೆ ಹಾರಿ ಓಡಿದ.

ಅರ್ಧ ಗಂಟೆಯಲ್ಲಿ ಅವಳಿಗೆ ಕರೆ ಬಂತು. ಕೋಣೆಯಲ್ಲಿ ಮೇಷ್ಟ್ರು ಒಬ್ಬರೇ ಇದ್ದರು. ಟೇಪಿನ ಪ್ರಾಧ್ಯಾಪಕರು ಹುಳ್ಳಗೆ ನಕ್ಕು ಜಾಗ ಖಾಲಿ ಮಾಡಿದ್ದರು, ಹೋಗುವ ಮುಂಚೆ ಅವಳ ಬರಹವನ್ನು ಪ್ರಿಂಟ್ ಹೊಡೆಸಿ ಸಾಕ್ಷಿಗೆಂದು ಮೇಜಿನ ಮೇಲಿಟ್ಟಿದ್ದರು. ಮೇಷ್ಟ್ರು ಅದನ್ನು ಕೈಗೆತ್ತಿಕೊಂಡು ಗಂಭೀರವಾಗಿ ನೋಡಿದರು.

“ಏನಮ್ಮ ಇದು?”

“ತಪ್ಪಾಯ್ತು ಸರ್. ನಿಧಾನ ಅಂತ ಬರ್ಯೋಕ್ ಹೋಗಿ... ಒಂದು ದೀರ್ಘ...”

“ಒಂದು ದೀರ್ಘಕ್ಕೆ ನನ್ನ ಆಯುಸ್ಸೇ ಮೊಟಕಾಯ್ತಲ್ಲ! ಸರಿ, ಓದು. ಜೋರಾಗ್ ಓದು.”

ಓದುವುದೆಂದರೆ! ಅದರಲ್ಲಿ ಮೇಷ್ಟ್ರನ್ನು ಆಮೆಗೆ ಹೋಲಿಸಿ, ಆಮೆಯ ಕ್ಷಮೆ ಕೇಳಿದ್ದ ಒಂದು ಪ್ಯಾರಾ ಇತ್ತು. ಅದನ್ನು ಹೇಗೆ ತಿಪ್ಪೆ ಸಾರಿಸಲಿ ಎಂದು ಯೋಚಿಸುತ್ತಾ ಕಾಗದಕ್ಕೆ ಕೈ ಚಾಚಿದವಳು ಹಾಗೇ ನಿಂತಳು. ಮೇಷ್ಟ್ರು ಅಷ್ಟು ಗಂಭೀರವಾಗಿ ನೋಡುತ್ತಿದ್ದ ಕಾಗದ ತಲೆಕೆಳಗಾಗಿತ್ತು.

“ಸರ್, ಕಾಗದ ಉಲ್ಟಾ ಇದೆ.”

ಮೇಷ್ಟ್ರು ಕಾಗದವನ್ನು ಮೇಜಿನ ಮೇಲಿಟ್ಟರು. “ಬಾಗಿಲು ಹಾಕು” ಎಂದರು. ಅವಳು ಹಾಕಿದಳು.

“ಎಂಟು ತಿಂಗಳಾಯ್ತು. ಸುತ್ತ ಅಂಚಲ್ಲಿ ಕಾಣುತ್ತೆ, ನಡುವೆ ಏನೂ ಇಲ್ಲ. ಓಡಾಡೋಕೆ ತೊಂದರೆ ಇಲ್ಲ, ಅಕ್ಷರ ಮಾತ್ರ ಆಗಲ್ಲ. ಇನ್ನೆರಡು ವರ್ಷ ಸರ್ವಿಸ್ ಇದೆ. ಗೊತ್ತಾದ್ರೆ ನಾಳೇನೇ ಒಂದು ಹಾರ ಹಾಕಿ ಕಳಿಸ್ತಾರೆ. ಪಾಠ ಬಾಯಿಪಾಠ, ನಡೆಯುತ್ತೆ. ನಿನ್ನ ಪ್ರಬಂಧ ಹೆಂಗೆ ಓದ್ಲಿ ಹೇಳು?”

ಬೋರ್ಡಿನ ಮೇಲೆ ಇಳಿಯುತ್ತಿದ್ದ ಸಾಲುಗಳು, ಕಂಬಕ್ಕೆ ಹೇಳಿದ ನಮಸ್ಕಾರ, ಹದಿನಾಲ್ಕು ಮೆಚ್ಚುಗೆ, ಎಲ್ಲ ಒಟ್ಟಿಗೆ ನೆನಪಾಗಿ ಸಂಪಾದಕಿಗೆ ತಲೆ ಎತ್ತಲಾಗಲಿಲ್ಲ. ಅವಳಿಗೆ ನಿಜವಾಗಿಯೂ ನಾಚಿಕೆಯಾಯಿತು. ಇಷ್ಟು ವರ್ಷ ಅವಳು ನೆಟ್ಟಗೆ ನಾಚಿಕೆಪಟ್ಟದ್ದು ಅದೊಂದೇ ಸಲ.

“ನಾನ್ ಓದ್ತೀನಿ ಸರ್” ಎಂದಳು. “ಇವತ್ತು, ನಾಳೆ, ನಾಡಿದ್ದು ಮಧ್ಯಾಹ್ನದವರೆಗೆ.”

ಹಾಗೆ ಶುರುವಾಯಿತು. ಅವಳು ಓದುತ್ತಿದ್ದಳು, ಅವರು ಕಣ್ಣುಮುಚ್ಚಿ ಕೇಳುತ್ತಿದ್ದರು. ನಿದ್ದೆ ಹೋದರೇನೋ ಎಂದು ಅವಳು ಸ್ವಲ್ಪ ಅವಸರ ಮಾಡಿದರೆ ಸಾಕು, “ಹಿಂದಿನ ಕೋಷ್ಟಕದಲ್ಲಿ ಒಟ್ಟು ಮುನ್ನೂರ ಆರು ಅಂದೆ, ಈಗ ಮುನ್ನೂರ ಒಂಬತ್ತು ಅಂತೀಯ. ಮೂರು ಜನ ಎಲ್ಲಿಂದ ಬಂದ್ರು?” ಎಂದು ಕೇಳುತ್ತಿದ್ದರು. ಮೂರು ಜನ ಬೆರಳಚ್ಚಿನ ತಪ್ಪಿನಿಂದ ಬಂದಿದ್ದರು. ಒಂದು ಸೂತ್ರವನ್ನು ಅವರು ಬಾಯಲ್ಲೇ ಬಿಡಿಸಿ ತೋರಿಸಿದಾಗ, ಎರಡು ವರ್ಷದ ತರಗತಿಗಳಲ್ಲಿ ತಲೆಗೆ ಹೋಗದ್ದು ಹತ್ತು ನಿಮಿಷದಲ್ಲಿ ಹೋಯಿತು. ಈ ಮನುಷ್ಯ ಇಷ್ಟು ಚೆನ್ನಾಗಿ ಪಾಠ ಮಾಡುತ್ತಾರೆಂದು ಅವಳಿಗೆ ಗೊತ್ತೇ ಇರಲಿಲ್ಲ, ಗೊತ್ತಾಗಲು ತರಗತಿಯಲ್ಲಿ ಕೇಳಿಸಿಕೊಂಡಿರಬೇಕಿತ್ತು.

ಗುರುವಾರ ಮಧ್ಯಾಹ್ನ ಅರವತ್ತೊಂದನೇ ಪುಟ ಬಂತು. ಅಲ್ಲಿ ಸಂಪಾದಕಿ ಓದು ನಿಲ್ಲಿಸಿದಳು. ಆ ಪುಟ ಮತ್ತು ಅದರ ಮುಂದಿನದರಲ್ಲಿ ಇದ್ದದ್ದು ಹತ್ತೊಂಬತ್ತು ಮತ್ತು ಇಪ್ಪತ್ತನೇ ದಿನದ ಲೆಕ್ಕ. ಆ ಎರಡು ದಿನ ಅವಳು ಕೌಂಟರಿನ ಕಡೆ ತಲೆಯನ್ನೂ ಹಾಕಿರಲಿಲ್ಲ. ವೆಬ್‌ಸೈಟಿಗೆ ಹೊಸ ಬಣ್ಣ ಹುಡುಕುತ್ತಾ ರೂಮಿನಲ್ಲಿ ಕೂತಿದ್ದಳು. ಅಂಕಿಗಳು ಅವಳದೇ ಸೃಷ್ಟಿ. ರೂಮಿನಲ್ಲಿ ಕೂತು ಹುಟ್ಟಿಸಿದ ಜನ ಎಷ್ಟು ಶಿಸ್ತಿನಿಂದ ಸಾಲಿನಲ್ಲಿ ನಿಂತಿದ್ದರೆಂದರೆ, ಮೂರನೇ ಕೌಂಟರೇ ಎಲ್ಲಕ್ಕಿಂತ ಚುರುಕು ಎಂಬ ಅವಳ ತೀರ್ಮಾನವನ್ನು ಅವರೇ ಹೊತ್ತು ನಿಲ್ಲಿಸಿದ್ದರು. ಇವರು ಇದನ್ನು ಕೇಳಿಸಿಕೊಂಡರೆ ಒಂದೇ ಪ್ರಶ್ನೆಯಲ್ಲಿ ಹಿಡಿಯುತ್ತಾರೆ. ಅವಳು ಎರಡು ಹಾಳೆ ಒಟ್ಟಿಗೆ ತಿರುಗಿಸಿ ಅರವತ್ತಮೂರರಿಂದ ಓದಿದಳು. ಮೇಷ್ಟ್ರು ತಲೆದೂಗಿದರು.

ಶುಕ್ರವಾರ ಎರಡೂವರೆಗೆ ನೂರ ಹದಿನೆಂಟನೇ ಪುಟ ಮುಗಿಯಿತು.

“ಎಲ್ಲಿ ಹಾಕ್ಬೇಕು ತೋರ್ಸು” ಎಂದರು. ಅವಳು ಸಹಿಯ ಗೆರೆಯ ಮೇಲೆ ಬೆರಳಿಟ್ಟಳು. ಅವರು ಆ ಬೆರಳನ್ನು ತಡವಿ ನೋಡಿ, ಅದರ ಪಕ್ಕದಿಂದಲೇ ನಿಧಾನವಾಗಿ ಸಹಿ ಮಾಡಿದರು.

“ಗೆರೆ ಮೇಲೆ ಬಂತಾ?”

“ಬಂತು ಸರ್.”

“ಚೆನ್ನಾಗಿ ಬರ್ದಿದ್ದೀಯ. ಓಡು, ನಾಲ್ಕಕ್ಕೆ ಮುಚ್ತಾರೆ.”

ಸಲ್ಲಿಕೆಗಿದ್ದದ್ದು ಮೂರನೇ ಕೌಂಟರ್. ಮುಂದೆ ಹದಿನೇಳು ಜನ. ಈ ವಿಷಯದಲ್ಲಿ ಅವಳಿಗಿಂತ ದೊಡ್ಡ ಪಂಡಿತರು ಆ ಊರಿನಲ್ಲಿರಲಿಲ್ಲ. ತಲೆಗೆ ಇಷ್ಟು ನಿಮಿಷ, ಕೌಂಟರಿನವಳು ಎದ್ದು ಹೋಗಿ ಬರುವುದಕ್ಕೆ ಇಷ್ಟು, ಮೂರು ಐವತ್ತಕ್ಕೆ ತನ್ನ ಸರದಿ ಎಂದು ಲೆಕ್ಕ ಹಾಕಿದಳು. ಸಾಲು ತೆವಳಿತು. ಹೊತ್ತು ಹೋಗದೆ ಅವಳು ಮೊದಲ ಪುಟ ತೆರೆದು ಸಹಿ ನೋಡಿದಳು. ಬೋರ್ಡಿನ ಮೇಲೆ ಒಂದು ಸಾಲೂ ನೆಟ್ಟಗೆ ಬಾರದ ಮನುಷ್ಯನ ಸಹಿ ಗೆರೆಯ ಮೇಲೆ ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ ಅವಳ ಬೆರಳಿನ ಬೆವರಿನ ಕಲೆಯಿತ್ತು.

ಕಣ್ಣಿಗೆ ಮಣ್ಣೆರಚುವುದೆಂದು ಜನ ಹೇಳುತ್ತಾರೆ. ಕಾಣದ ಕಣ್ಣಿಗೆ ಎರಚಿದವಳು ತಾನೊಬ್ಬಳೇ ಇರಬೇಕು ಎನ್ನಿಸಿತು. ಅಂಕಿಅಂಶ ಕಚೇರಿ ನೆನಪಾಯಿತು, ಅಲ್ಲಿ ದಿನವಿಡೀ ಎಣಿಸಬೇಕಾದ ಜನ ನೆನಪಾದರು. ಇದೆಲ್ಲ ದೊಡ್ಡ ಧರ್ಮಸೂಕ್ಷ್ಮವೇನಲ್ಲ, ಎಲ್ಲರೂ ಮಾಡುವುದೇ, ಸುಮ್ಮನೆ ಕೊಟ್ಟು ಹೋಗು ಎಂದು ತನ್ನನ್ನು ತಾನೇ ಬೈದುಕೊಂಡಳು. ಮುಂದೆ ಇಬ್ಬರು ಉಳಿದಿದ್ದಾಗ ಸಾಲಿನಿಂದ ಹೊರಬಂದಳು.

“ಏನ್ರೀ, ಬಿಟ್ಟು ಹೋಗ್ತಿದ್ದೀರಾ?” ಹಿಂದಿನವನು ಆನಂದ ಮುಚ್ಚಿಡಲಾರದೆ ಕೇಳಿದ.

“ನನ್ ಜಾಗ ನಿಮಗೇ ಇರ್ಲಿ, ಅನುಭವಿಸಿ” ಎಂದಳು.

ಮೇಷ್ಟ್ರು ಹೊರಡಲೆಂದು ಕೊಡೆಗಾಗಿ ಮೇಜಿನ ಕೆಳಗೆ ತಡಕಾಡುತ್ತಿದ್ದರು. ಹೆಜ್ಜೆ ಸದ್ದಿಗೆ ತಲೆ ಎತ್ತಿದರು. “ಕೊಟ್ಟಾಯ್ತಾ?”

“ಇಲ್ಲ ಸರ್. ಅರವತ್ತೊಂದು, ಅರವತ್ತೆರಡು ನಿಮಗೆ ಓದಿರ್ಲಿಲ್ಲ. ಬೇಕಂತಲೇ ಹಾರಿಸ್ದೆ. ಆ ಎರಡು ದಿನ ನಾನು ಎಣಿಸೋಕೆ ಹೋಗಿರ್ಲಿಲ್ಲ, ಅಂಕಿ ಎಲ್ಲ ನಾನೇ ಹಾಕಿದ್ದು.”

ಮೇಷ್ಟ್ರು ಕುರ್ಚಿ ಹುಡುಕಿ ಕೂತರು. ಅವರಿಗೆ ನೋವಾಗಿತ್ತು, ಮುಖದಲ್ಲಿ ಕಾಣುತ್ತಿತ್ತು. ತನ್ನ ಮುಖ ಕಾಣದವರ ಎದುರು ನಿಂತಿರುವುದು ಇಷ್ಟು ಕಷ್ಟವೆಂದು ಅವಳಿಗೆ ತಿಳಿದಿರಲಿಲ್ಲ.

“ಆ ಎರಡು ದಿನ ತೆಗೆದ್ರೆ ಮೂರನೇ ಅಧ್ಯಾಯ ಪೂರ್ತಿ ಮತ್ತೆ ಮಾಡ್ಬೇಕು” ಎಂದರು.

“ಗೊತ್ತು ಸರ್.”

“ಓದ್ಬಿಡು ಹಾಗಾದ್ರೆ. ಎಲ್ಲೆಲ್ಲಿ ಕೆಡುತ್ತೆ ನೋಡೋಣ.” ಆಮೇಲೆ ಗಾಬರಿಯಿಂದ ಗೋಡೆಯ ಕಡೆ ತಿರುಗಿದರು. “ತಡಿ ತಡಿ, ನಾಲ್ಕಕ್ಕೆ ಮುಚ್ತಾರಲ್ಲ! ಇದನ್ನೆಲ್ಲ ಆಮೇಲೆ ನೋಡ್ಕೊಳ್ಳೋಣ, ಮೊದ್ಲು ಹೋಗಿ ಕೊಟ್ಟು ಬಾ. ಗಂಟೆ ಎಷ್ಟಮ್ಮ ಈಗ?”

ಅವಳು ಗಡಿಯಾರ ನೋಡಿದಳು. ನಾಲ್ಕಕ್ಕೆ ಏಳು ನಿಮಿಷವಿತ್ತು. ಅವಳ ಲೆಕ್ಕದ ಪ್ರಕಾರ ಸಾಲು ಇಷ್ಟೊತ್ತಿಗೆ ಕರಗಿರಬೇಕು, ಓಡಿದರೆ ಸಿಗುತ್ತಿತ್ತು.

“ಈಗಿನ್ನೂ ಮೂರು, ಸರ್” ಎಂದಳು. ಕುರ್ಚಿ ಎಳೆದುಕೊಂಡು ಕೂತು ಅರವತ್ತೊಂದನೇ ಪುಟ ತೆರೆದಳು. “ಆರಾಮಾಗಿ ಕೇಳಿ.”