ಉಪ್ಪು ಹೊಯ್ಗೆಯ ಸಂಕ

ಮೊನ್ನೆ ಎಂಜಿನಿಯರೊಬ್ಬರು ಮನೆಗೆ ಬಂದು ಒಂದು ಫೋಟೋ ತೋರಿಸಿದರು. ಹಿರೇಗುತ್ತಿ ಹತ್ತಿರದ ಹಳ್ಳಕ್ಕೆ ನಾನು ಕಟ್ಟಿಸಿದ ಸೇತುವೆ. ನಡುವೆ ಕಂಬ, ಆಚೆಗೊಂದು ಈಚೆಗೊಂದು ಕಾಂಕ್ರೀಟಿನ ಹಾಸು. ಆಚೆಯದು ಗಟ್ಟಿಮುಟ್ಟು, ಈಚೆಯದರ ಹೊಟ್ಟೆ ಒಡೆದು ತುಕ್ಕು ಹಿಡಿದ ಸರಳುಗಳು ಇಣುಕುತ್ತಿವೆ. "ಒಂದೇ ವರ್ಷ ಕಟ್ಟಿದ್ದು, ಒಬ್ಬರೇ ಕಟ್ಟಿಸಿದ್ದು. ಹೀಗೇಕೆ ಸರ್?" ಎಂದರು.

ನನಗೆ ಗೊತ್ತಿತ್ತು. ನಿಮಗೂ ಹೇಳುತ್ತೇನೆ, ನಕ್ಕುಬಿಡಿ.

ಎರಡನೆಯ ಮಹಾಯುದ್ಧ ಮುಗಿದ ಹೊಸತು. ನಾನು ಮುಂಬಯಿ ಸರಕಾರದ ಹೊಸ ಓವರ್ಸಿಯರ್. ತಲೆಯ ಮೇಲೆ ದೊಡ್ಡ ಟೊಪ್ಪಿಗೆ, ತಲೆಯೊಳಗೆ ಪುಣೆಯಲ್ಲಿ ಕಲಿತ ನಾಲ್ಕು ಸೂತ್ರ. ಟೊಪ್ಪಿಗೆಯ ತೂಕವೇ ಹೆಚ್ಚು. ಕಡಲು ಉಕ್ಕಿದಾಗ ಭರತದ ನೀರು ನುಗ್ಗುವ ಹಳ್ಳ ಅದು. ಬೇಗ ಮುಗಿಸಿ ಶಾಬಾಸ್ ಅನಿಸಿಕೊಳ್ಳುವ ಆಸೆಯಲ್ಲಿ ಈಚೆಯ ಹಾಸನ್ನು ಅಲ್ಲಿನ ಮರಳಿನಲ್ಲೇ ಎರೆಸಿಬಿಟ್ಟೆ.

ಆಚೆಯದಕ್ಕೆ ಕೈಹಾಕುವ ದಿನ, ಕೆಲಸಕ್ಕೆ ಹೊಸದಾಗಿ ಸೇರಿದ್ದ ಮೀನುಗಾರರ ಕೇರಿಯ ದೇವಮ್ಮ ಚಿಟಿಕೆ ಮರಳನ್ನು ನಾಲಿಗೆಗೆ ಹಚ್ಚಿ ಉಗುಳಿದಳು.

"ಒಡ್ಯಾ, ಈ ಹೊಯ್ಗೆ ಉಪ್ಪು ಅದೆ."

"ಎಂತ, ಸಾರು ಮಾಡ್ತ್ಯಾ?" ಎಂದೆ. ನನ್ನ ಹಾಸ್ಯಕ್ಕೆ ನಾನೊಬ್ಬನೇ ನಕ್ಕೆ.

ಅವಳು ಬುಟ್ಟಿ ಕವುಚಿಟ್ಟು ನೆಲದಲ್ಲಿ ಕೂತಳು. "ಉಪ್ಪು ಕಬ್ಣ ತಿಂತದೆ. ನಮ್ಮ ದೋಣಿ ಮೊಳೆ ಹಂಗೇ ಸವ್ದು ಹಲಗೆ ಬಿಟ್ತು. ನನ್ನ ಗಂಡ ತಿರ್ಗಿ ಬರ್ಲಿಲ್ಲ. ಇದ್ನ ನಾ ಹೊರೂದಿಲ್ಲ."

ಉಳಿದ ಹೆಂಗಸರೂ ಕೂತರು. ಗದರಿಸಲು ತೆರೆದ ಬಾಯಿಂದ ಗಾಡಿಯವರನ್ನು ಕೂಗಿದೆ. ಎತ್ತಿನ ಗಾಡಿ ಕಳಿಸಿ ದೂರದ ಹೊಳೆಯಿಂದ ಸಿಹಿನೀರಿನ ಮರಳು ತರಿಸಿದೆ.

ತಪಾಸಣೆಗೆ ಬಂದ ಸಾಹೇಬರು ಗಾಡಿಗಳನ್ನು ನೋಡಿ, "ಉಪ್ಪು ಮರಳು ಬೇಡ ಅಂದಿರಾ? ಭೇಷ್! ಈ ವಯಸ್ಸಿಗೇ ಎಂಥ ವಿವೇಕ!" ಎಂದು ಬೆನ್ನು ತಟ್ಟಿದರು. ಆಗಲೇ ಅವರೆದುರು ನಿಜ ಒಪ್ಪಿಕೊಂಡು, ಈಚೆಯದನ್ನು ಒಡೆಸಿ ಮತ್ತೆ ಎರೆಸಬೇಕಿತ್ತು. ನಾನು ತಲೆ ತಗ್ಗಿಸಿದೆ. ಸಾಹೇಬರು ಅದನ್ನೂ ವಿನಯವೆಂದುಕೊಂಡರು.

ಅವರು ಹೋದ ಮೇಲೆ ದೇವಮ್ಮ ಕೇಳಿದಳು: "ಆ ಬದೀದು ಎಂತ ಮಾಡ್ತ್ರಿ ಒಡ್ಯಾ?"

"ನೋಡುವಾ" ಎಂದೆ. ಐವತ್ತು ವರ್ಷ ನೋಡಿದೆ. ಬಸ್ಸಿನಲ್ಲಿ ಕುಮಟೆಗೆ ಹೋಗುವಾಗಲೆಲ್ಲ ಆ ಹಾಸು ಬಂದೊಡನೆ ಕಾಲೆರಡನ್ನೂ ಮೇಲೆತ್ತಿ ಕೂರುತ್ತಿದ್ದೆ, ನನ್ನ ಭಾರವಾದರೂ ಕಡಿಮೆಯಾಗಲಿ ಎಂದು!

ಎಂಜಿನಿಯರಿಗೆ ಇದಷ್ಟನ್ನೂ ಹೇಳಿದೆ. ಬರೆದುಕೊಳ್ಳುತ್ತ, "ದೇವಮ್ಮನವರು ಎಲ್ಲಿ ಓದಿದ್ದು ಸರ್?" ಎಂದರು.

"ಓದಿದವ ನಾನು. ಅದಕ್ಕೇ ಈಚೆಯದು ಹಾಳಾದದ್ದು. ಇವತ್ತೇ ಗಾಡಿ ಓಡಾಟ ನಿಲ್ಲಿಸಿ."

ನಿಲ್ಲಿಸಿದರು. ಈಗ ಬಸ್ಸು ಸುತ್ತುಬಳಸಿ ಹೋಗುತ್ತದೆ. ನಿನ್ನೆ ಚಾ ಅಂಗಡಿಯಲ್ಲಿ ಒಬ್ಬರು, "ಆ ಸಂಕ ಯಾವ ಪುಣ್ಯಾತ್ಮ ಕಟ್ಸಿದ್ದೇನ!" ಎಂದು ಬೈಯುತ್ತಿದ್ದರು.

"ನಾನೇ ಮಾರಾಯಾ," ಎಂದೆ.