ಇವರು ಹೂಂ ಅಂದರೆ ಕಥೆ ಮುಂದಕ್ಕೆ

ಬೆಳಗಾಗುವ ಹೊತ್ತು. ಬಂದರಿನ ಹಿಂದಿನ ಓಣಿಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಎರಡನೇ ಮಹಡಿಯ ಪುಟ್ಟ ಕೋಣೆಯಲ್ಲಿ, ಜೀವಮಾನವಿಡೀ ಬೇರೆಯವರ ಬಟ್ಟೆಗೆ ಇಸ್ತ್ರಿ ಹಾಕಿದ ಅಜ್ಜಿಯೊಬ್ಬರು ಮಂಚದ ಮೇಲೆ ಕಾಲು ಚಾಚಿ ಕೂತಿದ್ದಾರೆ. ದಿಂಬಿನ ಪಕ್ಕ ಧ್ವನಿಮುದ್ರಣದ ಯಂತ್ರ. ಎದುರಿಗೆ ಸ್ಟೂಲಿನ ಮೇಲೆ, ಎಡಗಿವಿ ಮುಂದೆ ಮಾಡಿ ಕೂತ ಅರವತ್ತು ದಾಟಿದ ಗಂಡಸು.

"ಕತ್ತಲೆನೆಲ್ಲ ಬುಟ್ಟೀಲಿ ತುಂಬಿ ಅವನ ತಲೆ ಮೇಲಿಟ್ರು. ದಾರೀಲಿ ಮುಚ್ಚಳ ತೆಗೀಬೇಡ ಅಂದ್ರು."

"ಹೂಂ."

"ತೆಗೆದ."

"ಹೂಂ...?"

ಎರಡನೆಯ ಹೂಂ ಮೊದಲನೆಯದಕ್ಕಿಂತ ಉದ್ದ. ಅದರ ಬಾಲದಲ್ಲಿ ಸಣ್ಣದೊಂದು ಭಯ. ಅಜ್ಜಿಗೆ ಅಷ್ಟೇ ಸಾಕು. ಸೆರಗು ಸರಿಮಾಡಿಕೊಂಡು ಮುಂದುವರಿಯುತ್ತಾರೆ.

ಸ್ಟೂಲಿನ ಮೇಲೆ ಕೂತು ಹೂಂ ಅನ್ನುವ ಇವರು, ಜಗತ್ತಿನ ಪುರಾಣಕಥೆಗಳನ್ನು ಕಲೆಹಾಕಿ, ಪಕ್ಕಪಕ್ಕ ಇಟ್ಟು ಅಭ್ಯಾಸ ಮಾಡುವ ಸಾಹಿತ್ಯ ಸಂಘವೊಂದರ ವ್ಯಾನ್ ಚಾಲಕ. ಕನ್ನಡಕದ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳೇ ಸಂಘದ ಕಚೇರಿ. ಪ್ರಳಯ ಯಾಕಾಯಿತು, ಬೆಂಕಿ ಯಾರು ಕದ್ದು ತಂದರು, ಚಂದ್ರನಿಗೆ ಕಲೆ ಹೇಗೆ ಬಂತು ಎಂದು ಒಂದೊಂದು ನಾಡು ಒಂದೊಂದು ಥರ ಹೇಳುತ್ತದೆ. ಬಂದರಿನ ಊರಾದ್ದರಿಂದ ಹತ್ತಾರು ನಾಡಿನವರು ಇಲ್ಲಿ ಬಂದು ನೆಲೆಸಿದ್ದಾರೆ. ಸಂಘದವರು ವಾರಕ್ಕೆ ಎರಡು ಮೂರು ಮನೆಗೆ ಹೋಗಿ ಹಳಬರ ಬಾಯಿಂದ ಕಥೆ ಹೇಳಿಸುತ್ತಾರೆ. ಹೋಗುವುದು ಬೆಳಗಿನ ಜಾವವೇ. ಲಾರಿಗಳ ಓಡಾಟ ಶುರುವಾದರೆ ಧ್ವನಿ ಹಿಡಿಯುವುದು ಕಷ್ಟ.

ಮೊದಮೊದಲು ಇವರ ಕೆಲಸ ಕರೆದುಕೊಂಡು ಹೋಗಿ ಕರೆದುಕೊಂಡು ಬರುವುದಷ್ಟೇ ಆಗಿತ್ತು. ಯಂತ್ರ ಇಟ್ಟೊಡನೆ ಹೇಳುವವರ ಬಾಯಿ ಕಟ್ಟುತ್ತಿತ್ತು. ಒಂದು ದಿನ ಬಾಗಿಲಲ್ಲಿ ಕೀಲಿಕೈ ಹಿಡಿದು ನಿಂತಿದ್ದ ಇವರ ಬಾಯಿಂದ ತಾನಾಗಿ ಹೂಂ ಬಂತು. ಕಥೆ ಹೇಳುತ್ತಿದ್ದವರು ಇವರ ಕಡೆಗೇ ತಿರುಗಿ ಕೂತರು. "ಧ್ವನಿಮುದ್ರಣ ಕೆಡುತ್ತೆ ಅಂತ ನಾನೇ ಇವರನ್ನ ಹೊರಗೆ ಕಳಿಸಿದ್ದೆ," ಎಂದು ನಗುತ್ತಾರೆ ಸಂಘದ ಕಾರ್ಯದರ್ಶಿ, ನಿವೃತ್ತ ಕಾಲೇಜು ಅಧ್ಯಾಪಕಿ. "ಕಥೆನೂ ಇವರ ಹಿಂದೇನೇ ಎದ್ದು ಹೋಯ್ತು. ಮಾರನೇ ದಿನ ಕುರ್ಚಿ ಹಾಕಿ ಕೂರಿಸಿದೆ." ಅಂದಿನಿಂದ ಸಂಘದಲ್ಲಿ ಇವರಿಗೆ 'ಹೂಂಕಾರ' ಎಂದೇ ಹೆಸರು. ಅಬ್ಬರ ಮಾತ್ರ ಎಳ್ಳಷ್ಟೂ ಇಲ್ಲ.

ಈ ವಿದ್ಯೆ ಬಂದದ್ದು ಅಮ್ಮನಿಂದ. ಅಪ್ಪ ಬೇಗ ತೀರಿಕೊಂಡಿದ್ದರು. ಅಮ್ಮ ರಾತ್ರಿ ಮನೆಯಲ್ಲೇ ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದರು. ನಿದ್ದೆ ಓಡಿಸಲು ಮಕ್ಕಳಿಗೆ ಕಥೆ ಹೇಳುತ್ತಿದ್ದರು. ತಮ್ಮಂದಿರು, ತಂಗಿಯರು ಒಬ್ಬೊಬ್ಬರಾಗಿ ಮಲಗಿಬಿಡುತ್ತಿದ್ದರು. "ನಾನೂ ಹೂಂ ಅನ್ನೋದು ಬಿಟ್ರೆ ಅಮ್ಮ ತೂಕಡಿಸೋರು. ಒಂದ್ಸಲ ಹಂಗಾಗಿ ಸೂಜಿ ಬೆರಳೊಳಗೆ ಹೋಗಿತ್ತು. ಆಮೇಲೆ ನಾನು ನಿದ್ದೆಗಣ್ಣಲ್ಲೂ ಹೂಂ ಅಂತಿದ್ದೆ," ಎನ್ನುತ್ತಾರೆ.

ಗೊತ್ತಿಲ್ಲದ ಭಾಷೆಯ ಕಥೆಗೂ ಇವರೇ ಬೇಕು. "ಭಾಷೆ ಯಾವುದಾದ್ರೇನು? ಹೇಳೋರು ಉಸಿರು ತಗೊಳ್ಳೋವಾಗ ಹೂಂ ಅನ್ನಬೇಕು. ಕಣ್ಣು ಅಗಲ ಮಾಡಿದ್ರೆ ಸ್ವಲ್ಪ ಎಳೀಬೇಕು." ಪುಸ್ತಕ ಅಚ್ಚಾಗುವಾಗ ಈ ಹೂಂಗಳನ್ನೆಲ್ಲ ತೆಗೆದುಹಾಕುತ್ತಾರೆ. ಅದರ ಬಗ್ಗೆ ಬೇಸರವಿಲ್ಲವೇ ಎಂದು ಇವರ ಮನೆಯಲ್ಲಿ ಕೂತು ಕೇಳಿದರೆ, "ಬರೀ ಹೂಂ ಓದೋಕೆ ಯಾರು ದುಡ್ಡು ಕೊಡ್ತಾರೆ?" ಎಂದು ಕೈ ಅಲ್ಲಾಡಿಸುತ್ತಾರೆ. ಒಳಗಿನಿಂದ ಹೆಂಡತಿಯ ದೂರು ಬೇರೆ: "ಊರವರ ಕಥೆಗೆಲ್ಲ ಹೂಂ. ನಾನು ಮನೆಗೆ ಬಣ್ಣ ಹೊಡಿಸೋಣ ಅಂದ್ರೆ ಊಹೂಂ."

ಕಳೆದ ವರ್ಷ ಈ ಕೆಲಸ ಕೈತಪ್ಪುವುದರಲ್ಲಿತ್ತು. ಬಲಗಿವಿ ಮಂದವಾಗುತ್ತಾ ಬಂದಿತ್ತು. ಹೆಂಡತಿಗೂ ಹೇಳಿರಲಿಲ್ಲ. ತುಟಿ ನೋಡಿ, ಉಸಿರು ನೋಡಿ ಸಂಭಾಳಿಸುತ್ತಿದ್ದರು. ಒಂದು ದಿನ ಇದೇ ಅಜ್ಜಿ, ಸಾವು ಮೊದಲ ಸಲ ಮನುಷ್ಯರ ಮನೆಯ ಬಾಗಿಲು ತಟ್ಟಿದ ಕಥೆ ಹೇಳುತ್ತಿದ್ದರು. ನಡುವೆ ಕಿಟಕಿಯತ್ತ ಮುಖ ತಿರುಗಿಸಿ, "ನೀನಾಗಿದ್ರೆ ಏನ್ ಮಾಡ್ತಿದ್ದೆ?" ಎಂದು ಕೇಳಿದರು.

"ಹೂಂ," ಎಂದರು ಇವರು.

ಅಜ್ಜಿ ಕಥೆ ನಿಲ್ಲಿಸಿದರು. ಬಳಿಗೆ ಕರೆದು ಮುಖವನ್ನೇ ನೋಡಿದರು. "ಏನಪ್ಪಾ, ನಿಂಗೆ ಕಿವಿ ಕೇಳಿಸ್ತಿಲ್ಲ ಅಲ್ವಾ?"

"ಬಲಗಡೆ ಇಲ್ಲಮ್ಮ. ಎಡಗಡೆ ಪರವಾಗಿಲ್ಲ."

ಕಾರ್ಯದರ್ಶಿ ತಲೆಗೆ ಹಾಕಿದ್ದ ಹೆಡ್‌ಫೋನ್ ತೆಗೆದರು. ನಾಳೆಯಿಂದ ಮನೆಯಲ್ಲಿರು ಎನ್ನುತ್ತಾರೆ ಎಂದುಕೊಂಡು ಇವರು ವ್ಯಾನಿನ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟರು. ಅಜ್ಜಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ಹಂಗಾದ್ರೆ ಆ ಸ್ಟೂಲ್ ತಗೊಂಡು ಈ ಕಡೆ ಬಾ," ಎಂದವರೇ, ದನಿ ಎತ್ತರಿಸಿ ಮೊದಲಿನಿಂದ ಶುರುಮಾಡಿದರು.

ಎರಡನೆಯ ಸಲ ಕಥೆ ಮೊದಲಿಗಿಂತ ಚೆನ್ನಾಗಿ ಬಂತಂತೆ.

ವ್ಯಾನ್ ಓಡಿಸಬೇಡಿ ಎಂದು ವೈದ್ಯರು ಹೇಳಿದ್ದಾರೆ. ಸಂಘದ ಸಭೆಯಲ್ಲಿ, ಚಾಲಕನಲ್ಲದ ಚಾಲಕನಿಗೆ ಸಂಬಳ ಯಾಕೆ ಎಂಬ ಪ್ರಶ್ನೆಯೂ ಬಂತು. ವ್ಯಾನ್ ನಾನೇ ಓಡಿಸುತ್ತೇನೆ, ಹೂಂ ಅನ್ನುವುದು ಮಾತ್ರ ನನ್ನಿಂದಾಗದು ಎಂದರು ಕಾರ್ಯದರ್ಶಿ. ಮಾತು ಅಲ್ಲಿಗೆ ಮುಗಿಯಿತು. "ಈಗ ಮೇಡಂ ಓಡಿಸ್ತಾರೆ. ನಾನು ಪಕ್ಕದಲ್ಲಿ ಜೀವ ಕೈಲಿ ಹಿಡ್ಕೊಂಡು ಕೂತಿರ್ತೀನಿ," ಎನ್ನುತ್ತಾರೆ ಇವರು. ಕಾರ್ಯದರ್ಶಿಗೆ ಕೇಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ.

ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಅರ್ಧಕ್ಕೆ ನಿಂತ ಕಥೆಯೊಂದನ್ನು ನೆನೆಯುತ್ತಾರೆ. ಹಿಂದೊಮ್ಮೆ ಹಡಗಿನ ಅಡುಗೆಯವನೊಬ್ಬ ಕಥೆ ಹೇಳುತ್ತಿದ್ದನಂತೆ. ಆಕಾಶದಿಂದ ಕೆಂಡ ಕದ್ದ ಹುಡುಗಿ ಅದನ್ನು ಮಡಿಲಲ್ಲಿಟ್ಟುಕೊಂಡು ಹಗ್ಗ ಹಿಡಿದು ಇಳಿಯುತ್ತಿದ್ದಾಳೆ; ಮೇಲೆ ಹಗ್ಗಕ್ಕೆ ಬೆಂಕಿ ಹತ್ತಿದೆ. ಅಷ್ಟರಲ್ಲಿ ಬಂದರಿನಿಂದ ಹಡಗಿನ ಕೂಗು ಕೇಳಿಸಿತು. ಮುಂದಿನ ಸಲ ಬಂದಾಗ ಹೇಳ್ತೀನಿ ಎಂದು ಆತ ಎದ್ದು ಓಡಿದ. ಇನ್ನೂ ಬಂದಿಲ್ಲ.

ಬೇರೆ ಬೇರೆ ನಾಡಿನಲ್ಲಿ ಆ ಕಥೆ ಮೂರು ಥರ ಮುಗಿಯುತ್ತದೆ ಎಂದು ಕಾರ್ಯದರ್ಶಿ ಮೂರನ್ನೂ ಹೇಳಿದ್ದಾರೆ. ಇವರು ಶ್ರದ್ಧೆಯಿಂದ ಕೇಳಿದ್ದಾರೆ, ಆದರೆ ಸಮಾಧಾನವಾಗಿಲ್ಲ.

"ಅವೆಲ್ಲ ಬೇರೆ ಹುಡುಗೀರು. ಈ ಹುಡುಗಿ ಇನ್ನೂ ಹಗ್ಗದ ಮೇಲೇ ಇದ್ದಾಳೆ. ನನ್ನ ಎಡಗಿವಿ ಕೈಕೊಡೋ ಮುಂಚೆ ಆತ ಬಂದ್ರೆ ಸಾಕು."