ಮೂರು ಕೈಗಳ ಗೊಬ್ಬರ

ಆ ಬಡಾವಣೆಯ ಹನ್ನೊಂದು ಮನೆಗಳ ಹುಲ್ಲುಹಾಸನ್ನು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಹುಲ್ಲಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷದ ಕೆಲಸ. ಅಷ್ಟು ವರ್ಷವೂ ಜನ ಅವಳ ತಲೆ ತಿಂದದ್ದು ಒಂದೇ ಪ್ರಶ್ನೆಯಿಂದ: ಗೊಬ್ಬರ ಯಾವಾಗ? ಅವಳ ಉತ್ತರವೂ ಒಂದೇ. ಚಳಿ ಕಳೆದು ಚಿಗುರೊಡೆಯುವಾಗ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ, ಮಳೆ ಬಿಟ್ಟು ಚಳಿ ಬರುವ ಮೊದಲು ಒಮ್ಮೆ. ವರ್ಷಕ್ಕೆ ಮೂರೇ ಸಲ. ಸುಡುಬಿಸಿಲಿನಲ್ಲಂತೂ ಚೀಲದ ಬಾಯಿಯನ್ನೇ ಬಿಚ್ಚಬಾರದು. ಕೇಳಿದವರು ತಲೆಯಾಡಿಸುತ್ತಿದ್ದರು, ಮುಂದಿನ ವಾರ ಮತ್ತೆ ಅದನ್ನೇ ಕೇಳುತ್ತಿದ್ದರು.

ಔಷಧಿ ಅಂಗಡಿಯವರ ಮನೆಯ ಹುಲ್ಲು ಆ ಬೇಸಿಗೆಯಲ್ಲಿ ಎಲ್ಲರ ಚಿಂತೆಯಾಗಿತ್ತು. ಅವರ ಮಗಳು ಸ್ಕೂಟರಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಳು. ಮನೆಗೆ ಬಂದ ಮೇಲೆ ದಿನಾ ಬರಿಗಾಲಲ್ಲಿ ಮೆತ್ತನೆಯ ಹುಲ್ಲಿನ ಮೇಲೆ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ಬರಲು ಇನ್ನು ಹದಿನೈದೇ ದಿನ. ಹುಲ್ಲು ನೋಡಿದರೆ ಬಿಸಿಲಿಗೆ ಬಡಕಲಾಗಿ ನಿಂತಿತ್ತು. ಒಂದು ಸಲ ಹೆಚ್ಚಿಗೆ ಗೊಬ್ಬರ ಹಾಕೋಣವೇ ಎಂದು ಅಂಗಡಿಯವರು ಕೇಳಿದರು. ಬೇಡವೇ ಬೇಡ, ಬೆಳಗ್ಗೆ ನೀರು ಬಿಡಿ ಸಾಕು ಎಂದು ಹುಲ್ಲಕ್ಕ ಎರಡೆರಡು ಸಲ ಹೇಳಿ ಹೋದಳು.

ಮುಂದಿನ ಮಂಗಳವಾರ ಹುಲ್ಲಕ್ಕ ಗೇಟು ತೆಗೆದು ಒಳಗೆ ಬಂದಳು. ಹುಲ್ಲು ಹಳೆಯ ಪೊರಕೆಯ ಬಣ್ಣಕ್ಕೆ ತಿರುಗಿತ್ತು. ಕೂತು ಬೆರಳಿನಿಂದ ಬಿಡಿಸಿ ನೋಡಿದಳು. ಬುಡದಲ್ಲಿ ಇನ್ನೂ ಕರಗದ ಗೊಬ್ಬರದ ಬಿಳಿ ಕಾಳು. ಎದ್ದು ನಿಂತು ನೋಡಿದರೆ ಸುಟ್ಟ ಗುರುತುಗಳೂ ಒಂದೇ ತರಹ ಇರಲಿಲ್ಲ. ಗೋಡೆಯ ಕಡೆ ಸ್ಕೇಲು ಇಟ್ಟು ಎಳೆದಂತೆ ನೇರ ಪಟ್ಟಿಗಳು. ಮೆಟ್ಟಿಲ ಬಳಿ ಹಿಡಿಹಿಡಿಯಾಗಿ ಎರಚಿದ ದುಂಡು ಕಲೆಗಳು. ನೆರಳಿನ ಕುರ್ಚಿಯ ಸುತ್ತ, ಕೂತಲ್ಲಿಂದ ಕೈ ಚಾಚುವಷ್ಟು ದೂರ, ಒಂದು ಅರ್ಧಚಂದ್ರ. ಆ ಕುರ್ಚಿ ಅಂಗಡಿಯವರ ಮಾವನದು.

ಅಂಗಡಿಯವರು, ಅವರ ಹೆಂಡತಿ, ಮಾವ, ಮೂವರನ್ನೂ ಹೊರಗೆ ಕರೆದಳು. ಅಂಗಡಿಯವರು, ತಾನು ಅಳತೆ ಮಾಡಿಯೇ ಹಾಕಿದ್ದು ಎಂದರು. ಅವರ ಹೆಂಡತಿ, ಗಂಡ ಹಾಕಿದ್ದು ಗೊತ್ತಿಲ್ಲದೆ ತಾನೂ ಹಾಕಿದೆ ಎಂದರು. ಮುದುಕರು, ಒಂದೇ ಹಿಡಿ ಹಾಕಿದ್ದು ಎಂದು ಗೊಣಗಿದರು.

ಹುಲ್ಲಕ್ಕ ಒಂದು ಹಿಡಿ ಸುಟ್ಟ ಹುಲ್ಲು ಕಿತ್ತು ಅಂಗಡಿಯವರ ಮುಂದೆ ಹಿಡಿದಳು.

"ಸರ್, ಮೂರು ಹೊತ್ತಿನ ಮಾತ್ರೆನ ಒಂದೇ ಸಲ ನುಂಗು ಅಂತ ನಿಮ್ಮಂಗಡೀಲಿ ಯಾರಿಗಾದ್ರೂ ಕೊಡ್ತೀರಾ? ಇದಕ್ಕೂ ಜೀವ ಇದೆ. ಇಪ್ಪತ್ತು ವರ್ಷದಿಂದ ಬಡ್ಕೋತಾ ಇದೀನಿ, ನನ್ನ ಮಾತು ಗೋಡೆಗೆ ಹೇಳ್ದಂಗಾಯ್ತು."

ಅಂಗಡಿಯವರು ಹುಲ್ಲನ್ನೇ ನೋಡುತ್ತಾ ನಿಂತರು. "ಮಗು ಬರೋ ಹೊತ್ತಿಗೆ ಹಸಿರಾಗಿರಲಿ ಅಂತ ಅಷ್ಟೇ ಕಣಮ್ಮ," ಎಂದರು.

ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಹುಲ್ಲಕ್ಕ ಉಳಿದ ಅರ್ಧ ಚೀಲ ಗೊಬ್ಬರವನ್ನು ಸೈಕಲ್ಲಿಗೆ ಕಟ್ಟಿ ತನ್ನ ಮನೆಗೆ ಒಯ್ದಳು. ಒಂದು ವಾರ ಬೆಳಕು ಹರಿಯುವ ಮೊದಲೇ ಬಂದು, ಗೊಬ್ಬರದ ಉಪ್ಪೆಲ್ಲ ಬೇರಿನಿಂದ ಕೆಳಗಿಳಿಯಲಿ ಎಂದು ಪೈಪು ಹಿಡಿದು ನಿಂತಳು. ಉಳಿದ ಹತ್ತು ಮನೆಯವರು ತಡವಾಗಿ ಬಂದೆ ಎಂದು ಮುಖ ಗಂಟಿಕ್ಕಿದರು.

ಮಗಳು ಬಂದ ದಿನ ಮುಂದಿನ ಅಂಗಳ ಇನ್ನೂ ಕಂದಾಗಿಯೇ ಇತ್ತು. ಹುಲ್ಲು ಕಡ್ಡಿಯಂತೆ ಚುಚ್ಚುತ್ತಿತ್ತು. ಹುಲ್ಲಕ್ಕ ಅವಳನ್ನು ಹಿತ್ತಿಲಿಗೆ ಕರೆದೊಯ್ದಳು. ಅಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಹದಿನೈದು ಹೆಜ್ಜೆಯಷ್ಟು ಉದ್ದದ ಹುಲ್ಲಿತ್ತು. ನೋಡುವವರಿಲ್ಲವೆಂದು ಅದಕ್ಕೆ ಯಾರೂ ಗೊಬ್ಬರ ಹಾಕಿರಲಿಲ್ಲ. ಒದ್ದೆ ಬಟ್ಟೆಯ ನೀರು ಕುಡಿದು ಮೆತ್ತಗೆ ಬೆಳೆದಿತ್ತು. ಹುಡುಗಿ ವಾಕರ್ ಹಿಡಿದು, ಒದ್ದೆ ಬೆಡ್‌ಶೀಟುಗಳ ಅಡಿಯಲ್ಲಿ ತಲೆ ತಗ್ಗಿಸಿ, ಹಲ್ಲು ಕಚ್ಚಿಕೊಂಡು ಮೊದಲ ದಿನ ನಾಲ್ಕು ಹೆಜ್ಜೆ ಇಟ್ಟಳು. ಮೂರು ವಾರ ಅಲ್ಲೇ ನಡೆದಳು.

ಮಳೆ ಬಂದ ಮೇಲೆ ಮುಂದಿನ ಹುಲ್ಲೂ ಚಿಗುರಿತು. ಮುದುಕರ ಕುರ್ಚಿಯ ಸುತ್ತ ಮಾತ್ರ ಸತ್ತೇ ಹೋಗಿತ್ತು. ಅಲ್ಲಿಯ ಮಣ್ಣು ತೆಗೆದು ಹೊಸದಾಗಿ ನೆಡಬೇಕಾಯಿತು. ಅವಳು ಮೊಣಕಾಲೂರಿ ಒಂದೊಂದೇ ಬೇರು ಊರುತ್ತಿದ್ದಾಗ ಮುದುಕರು ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೂತರು.

"ಇದಕ್ಕೆ ಗೊಬ್ಬರ ಯಾವಾಗಮ್ಮ?"

ಹುಲ್ಲಕ್ಕ ತಲೆ ಎತ್ತದೆ ಮುಂದಿನ ಬೇರಿಗೆ ಗುಂಡಿ ತೋಡಿದಳು.